ಓಕ್‌ವಿಲ್ ಅಜ್ಜಿಯ ಬಾಯಲ್ಲಿ ‘ಇಕೆ’

ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಬಾಯಿಂದ ‘ನಾನು’ ಎನ್ನುವ ಅರ್ಥದ ಒಂದೇ ಒಂದು ಪದ ಹೊರಡಿಸುವುದಕ್ಕಾಗಿ ನಾನು ನಾಲ್ಕು ಶನಿವಾರ ಕೆನಡಾದ ಮಿಸಿಸಾಗದಿಂದ ಓಕ್‌ವಿಲ್‌ಗೆ ಕಾರು ಓಡಿಸಿದ್ದೇನೆ. ಅದೂ ಹಿಮ ಸುರಿಯುವ ಫೆಬ್ರವರಿಯಲ್ಲಿ. ಆ ಕೆಲಸಕ್ಕೆ ನನಗಿದ್ದ ಅರ್ಹತೆ ಎರಡೇ. ನನ್ನ ಕಾರಿಗೆ ಸ್ನೋ ಟೈರು ಇತ್ತು, ಮತ್ತು ಹೋಗಬಾರದ ಹೊತ್ತಿನಲ್ಲಿ ನಾನು ಸಂಪಾದಕಿಯ ಕೋಣೆಯ ಮುಂದೆ ಹಾದುಹೋಗಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ವಿಮಾನ ನಿಲ್ದಾಣದ ಪಕ್ಕ, ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಕಿಟಕಿ ನಡುಗುವ ಕಟ್ಟಡದಲ್ಲಿ ನಮ್ಮದೊಂದು ಸಣ್ಣ ನಿಘಂಟು ಕಂಪನಿ. ಇಂಡೋನೇಷ್ಯಾದ ಆಡುಮಾತಿಗೆ ಇಂಗ್ಲಿಷ್ ಅರ್ಥ ಕೊಡುವ ನಿಘಂಟು ತಯಾರಾಗುತ್ತಿತ್ತು. ನನಗೆ ಇಂಡೋನೇಷ್ಯಾದ ಭಾಷೆ ಬರುವುದಿಲ್ಲ. ನಾನು ಮೈಸೂರಿನಿಂದ ಬಂದ ಡೇಟಾಬೇಸ್ ಎಂಜಿನಿಯರು. ಪ್ರತಿ ಪದಕ್ಕೂ ಒಂದು ಪರದೆ ಮಾಡಿಕೊಟ್ಟಿದ್ದೆ. ಅದರಲ್ಲಿ ಪದದ ಅರ್ಥ, ಮೂಲ, ಬಳಕೆಯ ಗುರುತು, ಮೊದಲ ಸಾಕ್ಷ್ಯ ಎಂಬ ಮನೆಗಳು. ಮೊದಲ ಸಾಕ್ಷ್ಯ ಎಂದರೆ ಆ ಪದ ಎಲ್ಲಿ, ಯಾವಾಗ ಮೊದಲು ಕಾಣಿಸಿಕೊಂಡಿತು ಎಂಬುದು. ಆ ಮನೆ ಖಾಲಿ ಬಿಟ್ಟರೆ ಪರದೆಯ ಮೇಲೆ ಕೆಂಪು ಪಟ್ಟಿ ಬರುತ್ತದೆ, ಪದ ಅಚ್ಚಿಗೆ ಹೋಗುವುದಿಲ್ಲ. ಈ ನಿಯಮ ಬರೆದವನು ನಾನೇ. ಬಹಳ ಜಂಬದಿಂದ ಬರೆದಿದ್ದೆ.

‘ಇಕೆ’ ಎಂಬ ಪದ ಆರು ತಿಂಗಳಿನಿಂದ ಕೆಂಪಾಗಿ ಕೂತಿತ್ತು.

“ನಿನ್ನ ಪ್ರೋಗ್ರಾಮು ನನ್ನ ಪದಾನ ಒಳಗೆ ಬಿಡ್ತಾ ಇಲ್ಲ,” ಎಂದು ಸಂಪಾದಕಿ ಕೋಣೆಯಿಂದಲೇ ಕೂಗಿದರು. ಅರವತ್ತರ ಹೆಂಗಸು, ಹಾಲೆಂಡಿನಿಂದ ವಲಸೆ ಬಂದ ದಂಪತಿಯ ಮಗಳು, ಪೆನ್ಸಿಲನ್ನು ಜುಟ್ಟಿಗೆ ಸಿಕ್ಕಿಸಿಕೊಂಡು ಮರೆತು ಇನ್ನೊಂದು ಪೆನ್ಸಿಲು ಹುಡುಕುವವರು. “ಇಂಡೋನೇಷ್ಯಾದಲ್ಲಿ ‘ನಾನು’ ಅನ್ನೋಕೆ ಮರ್ಯಾದೆಗೆ ಒಂದು ಪದ, ಸಲಿಗೆಗೆ ಒಂದು, ಜಕಾರ್ತದ ಬೀದಿಗೆ ಇನ್ನೊಂದು. ಇಕೆ ಅನ್ನೋದು ಅಲ್ಲಿ ಆಳ್ತಿದ್ದ ನಮ್ಮ ಡಚ್ಚರಿಂದ ಹೋಗಿದ್ದು. ಡಚ್ಚಲ್ಲಿ ‘ನಾನು’ ಅಂದ್ರೆ ಇಕ್. ಯಾರದು ಅಂತ ಕೇಳಿದ್ರೆ ಮಕ್ಕಳು ಒತ್ತಿ ಇಕ್ಕೆ ಅಂತಾರೆ. ಅಷ್ಟು ಗೊತ್ತು. ಹೋಗಿದ್ದು ಯಾರ ಬಾಯಿಂದ ಅನ್ನೋದು ಗೊತ್ತಿಲ್ಲ.”

ಅವರ ಊಹೆ ಇಷ್ಟು. ಈಚಿನ ವರ್ಷಗಳಲ್ಲಿ ಜಕಾರ್ತದ ಸಲೂನುಗಳಲ್ಲಿ ತಮಾಷೆಗೆ, ಸೊಗಸಿಗೆ ಯಾರೋ ಎತ್ತಿಕೊಂಡ ಪದ ಅದು. ಹಾಗಾಗಿ ಬಳಕೆಯ ಗುರುತು ‘ಹಾಸ್ಯ, ಸಲೂನು ಮಾತು’ ಎಂದು ಬರೆದೂ ಆಗಿತ್ತು. ಮಾರ್ಚ್ ಮೊದಲ ಶುಕ್ರವಾರ ‘ಇ’ ಅಕ್ಷರದ ಹಾಳೆಗಳು ಅಚ್ಚಿಗೆ ಹೋಗಬೇಕು. ಅದಕ್ಕೆ ಮೊದಲು ಯಾರಾದರೂ ಮಾತಾಡಿದ್ದನ್ನು ಧ್ವನಿಮುದ್ರಿಸಿ ತರಬೇಕು. ಆ ಕೆಲಸ ಮಾಡುತ್ತಿದ್ದ ಹುಡುಗಿ ಕೆಲಸ ಬಿಟ್ಟಿದ್ದಳು.

“ನಿನ್ನ ಹತ್ರ ಸ್ನೋ ಟೈರ್ ಇದೆಯಲ್ಲ?” ಎಂದರು ಸಂಪಾದಕಿ.

ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಮಾತಾಡುವವರಿಗೆ ನಾವು ಹುಡುಕುತ್ತಿರುವ ಪದ ಯಾವುದೆಂದು ತಿಳಿಯಬಾರದು. ಸಂದರ್ಶಕನ ಬಾಯಿಂದ ಆ ಪದ ಯಾವ ಕಾರಣಕ್ಕೂ ಹೊರಡಬಾರದು. ಅದು ತಾನಾಗಿಯೇ, ಸಹಜ ಮಾತಿನಲ್ಲಿ ಬರಬೇಕು. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದರು.

ನನ್ನ ಜೊತೆಗೆ ಮಾತಾಡಿಸಲು ಒಬ್ಬರನ್ನು ಗೊತ್ತುಮಾಡಿದ್ದರು. ಮಿಸಿಸಾಗದ ಪ್ಲಾಜಾ ಒಂದರಲ್ಲಿ ಸಲೂನು ಇಟ್ಟಿದ್ದ ಜಕಾರ್ತದ ಮನುಷ್ಯ. ನಲವತ್ತೈದರ ಆಸುಪಾಸು, ಚರ್ಮದ ಜಾಕೆಟ್ಟು, ಕಾರು ಹತ್ತಿದೊಡನೆ ನನ್ನ ತಲೆ ನೋಡಿ ಮರುಗುವ ಸ್ವಭಾವ. ಓಕ್‌ವಿಲ್‌ನಲ್ಲಿ ಒಬ್ಬ ಅಜ್ಜಿ ಇದ್ದಾರೆ, ಅಪ್ಪ ಡಚ್ಚು, ತಾಯಿ ಜಾವಾದವಳು, ಅಲ್ಲಿನ ಬಾಂಡುಂಗ್ ಊರಿನಲ್ಲಿ ಬೆಳೆದವರು ಎಂದು ಹೇಳಿದ್ದು ಅವನೇ. ಅವನಿಗೂ ಪದ ಯಾವುದೆಂದು ಗೊತ್ತಿರಲಿಲ್ಲ. ಏನು ಹುಡುಕುತ್ತಿದ್ದೇವೆಂದು ತಿಳಿಯದವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೇಳಬಾರದ್ದನ್ನು ಬಾಯಲ್ಲಿ ಕಟ್ಟಿಕೊಂಡು ನಾನು ಹೈವೇ ಹಿಡಿದೆ.

ಮೊದಲ ತಪ್ಪು ಬಾಗಿಲಲ್ಲೇ ಆಯಿತು. ಬೆಳ್ಳಿಕೂದಲ ಅಜ್ಜಿ ಬಾಗಿಲು ತೆರೆದರು. ನಾನು ಒಂದು ಬುಟ್ಟಿ ಕಿತ್ತಳೆ ಕೊಟ್ಟೆ, ಯೋಚನೆಯನ್ನೇ ಮಾಡದೆ ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಹಿರಿಯರು ಬಾಗಿಲು ತೆರೆದರೆ ನನ್ನ ಬೆನ್ನು ತಾನೇ ಬಗ್ಗುತ್ತದೆ, ಮೈಸೂರಿನಲ್ಲಿ ಹಾಗೆ ತಿದ್ದಿ ಬೆಳೆಸಿದ್ದಾರೆ. ಅಜ್ಜಿ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರ ಮುಖ ಅರಳಿತು. ಸಲೂನಿನವನು ನನ್ನನ್ನು ನೋಡಿ ತಾನೂ ಬಗ್ಗಿದ. ಅವನ ಜಾಕೆಟ್ಟು ಅಷ್ಟು ಬಗ್ಗಲು ಬಿಡಲಿಲ್ಲ.

“ಬನ್ನಿ ಬನ್ನಿ. ಓಮಾ ಈಗ ಚಹಾ ತರ್ತಾಳೆ,” ಎಂದರು.

ಓಮಾ ಎಂದರೆ ಡಚ್ಚಿನಲ್ಲಿ ಅಜ್ಜಿ. ಆವತ್ತು ಮೂರು ಗಂಟೆ ಅವರು ಇಂಡೋನೇಷ್ಯಾದ ಮಾತಿನಲ್ಲೂ ಇಂಗ್ಲಿಷಿನಲ್ಲೂ ಮಾತಾಡಿದರು. ಬಾಂಡುಂಗಿನ ಗುಡ್ಡಗಳು, ಅಡುಗೆಮನೆ, ಹಾಲೆಂಡಿಗೆ ಹೋದದ್ದು, ಅಲ್ಲಿಂದ ಕೆನಡಾಕ್ಕೆ ಬಂದದ್ದು. ಎರಡು ಟೇಪು ತುಂಬಿದವು. ಸೋಮವಾರ ಸಂಪಾದಕಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಎರಡನ್ನೂ ಕೇಳಿದರು.

“ಓಮಾ ಹೋದಳು, ಓಮಾ ಬಂದಳು, ಓಮಾಗೆ ಚಳಿ ಆಯ್ತು. ಒಂದು ಸಲಾನೂ ‘ನಾನು’ ಇಲ್ಲ. ನೀನೇನು ಮಾಡ್ದೆ?”

ನಾನು ನಮಸ್ಕಾರದ ವಿಷಯ ಹೇಳಿದೆ. ಅವರು ಜುಟ್ಟಿನ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟರು. ಆ ಸೀಮೆಯಲ್ಲಿ ಚಿಕ್ಕವರೆದುರು ಹಿರಿಯರು ‘ನಾನು’ ಎನ್ನುವುದೇ ಕಮ್ಮಿಯಂತೆ. ಅಮ್ಮ ಬರ್ತಾಳೆ, ಅಜ್ಜಿ ಕೊಡ್ತಾಳೆ ಎಂದೇ ತಮ್ಮನ್ನು ಕರೆದುಕೊಳ್ಳುತ್ತಾರಂತೆ. ಕಾಲು ಮುಟ್ಟಿ ನಾನೇ ಅವರನ್ನು ಅಜ್ಜಿಯ ಪೀಠದ ಮೇಲೆ ಕೂರಿಸಿ ಬಂದಿದ್ದೆ. ಇನ್ನು ಇಳಿಸುವುದು ಹೇಗೆ?

ಎರಡನೇ ಶನಿವಾರ ನಮಸ್ಕಾರ ಮಾಡಬಾರದೆಂದು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅಜ್ಜಿಯೇ ಆಶೀರ್ವಾದಕ್ಕೆ ಕೈಯೆತ್ತಿ ಕಾಯುತ್ತಿದ್ದರು. ಬಗ್ಗದೆ ವಿಧಿಯಿರಲಿಲ್ಲ.

ಆವತ್ತು ಸಲೂನಿನವನು ಜಕಾರ್ತದ ಹಾಸ್ಯ ನಾಟಕದ ವಿಡಿಯೊ ಕ್ಯಾಸೆಟ್ಟು ತಂದಿದ್ದ. ಅದರಲ್ಲಿ ಲಿಪ್‌ಸ್ಟಿಕ್ ಹಚ್ಚಿದ ವಿದೂಷಕ ಎದೆ ಮುಟ್ಟಿಕೊಂಡು “ಇಕೆ!” ಎಂದ. ನಾನು ಕುರ್ಚಿಯ ತುದಿಗೆ ಬಂದೆ. ಸಭಿಕರು ಬಿದ್ದುಬಿದ್ದು ನಕ್ಕರು. ಅಜ್ಜಿ ಎದ್ದು ಟಿವಿ ಆರಿಸಿದರು.

“ಅದು ಓಮಾನ ಅಮ್ಮನ ಅಡುಗೆಮನೆ ಮಾತು,” ಎಂದರು. “ಅದನ್ನ ಕೇಳಿ ಜನ ನಗೋದು ಓಮಾಗೆ ಇಷ್ಟ ಇಲ್ಲ.”

ಆವರೆಗೆ ಈ ಕೆಲಸ ಮುಗಿದರೆ ಸಾಕೆಂದಿದ್ದವನಿಗೆ ಆ ಮಾತು ಚುಚ್ಚಿತು. ನಮ್ಮ ಪರದೆಯ ಮೇಲೆ ‘ಹಾಸ್ಯ, ಸಲೂನು ಮಾತು’ ಎಂದು ಬರೆದಿದ್ದದ್ದು ನನಗೆ ಗೊತ್ತಿತ್ತಲ್ಲ. ಅಚ್ಚಾದರೆ ಈ ಅಜ್ಜಿಯ ಅಮ್ಮನ ಮಾತು ಮುಂದಿನ ಐವತ್ತು ವರ್ಷ ನಗೆಪಾಟಲಿನ ಪದವಾಗಿ ಕಪಾಟಿನಲ್ಲಿ ಕೂರುತ್ತದೆ. ಯಾವ ಮಾತು ಎಂದು ಕೇಳೋಣವೆಂದರೆ ಕೇಳುವಂತಿಲ್ಲ. ವಿದೂಷಕನ ಬಾಯಿಂದ ಬಂದ ಪದವೇನೋ ಟೇಪಿನಲ್ಲಿ ಸ್ಪಷ್ಟವಾಗಿ ಬಿದ್ದಿತ್ತು. “ಟಿವಿ ಸಾಕ್ಷಿ ಹೇಳೋ ಹಾಗಿಲ್ಲ,” ಎಂದರು ಸೋಮವಾರ ಸಂಪಾದಕಿ.

ಮೂರನೇ ಶನಿವಾರ ಶೇಂಗಾ ಚಟ್ನಿ ಹಾಕಿದ ಅನ್ನ ತಿಂದು, ಕಾಲುಚೀಲ ಒಣಗಿಸಿಕೊಂಡು ಬಂದೆ. ಪದ ಬರಲಿಲ್ಲ.

ಮರುದಿನ ಟೊರೊಂಟೊ ಬಳಿಯ ಅರೋರಾದಲ್ಲಿ ಕನ್ನಡದವರ ಊಟ. ಆ ಮನೆಯ ಯಜಮಾನರು ನಿವೃತ್ತ ಎಂಜಿನಿಯರು, ನಮ್ಮೆಲ್ಲರಿಗೂ ಹಿರಿಯರು. ನನ್ನ ಗೋಳು ಕೇಳಿದವರೇ ತೀರ್ಪು ಕೊಟ್ಟರು. “ಇಕೆ ಅಂದ್ರೆ ನಮ್ಮ ಈಕೆನೇ ಕಣ್ರೀ. ಕನ್ನಡದ್ದು. ಆಗಿನ ಕಾಲದ ಹಡಗಲ್ಲಿ ಹೋಗಿರತ್ತೆ. ಡಚ್ಚರು ನಮ್ಮಿಂದ ತಗೊಂಡಿದಾರೆ, ಬರ್ಕೊಳ್ಳಿ.” ಟೊರೊಂಟೊ ಸುತ್ತಿನ ಯಾವ ಊಟದಲ್ಲಿ ಯಾವ ದೇಶದ ಪದ ಎತ್ತಿದರೂ ಪಾಯಸ ಬರುವ ಹೊತ್ತಿಗೆ ಅದು ಕನ್ನಡದ್ದಾಗಿರುತ್ತದೆ. ನಾನು ಬರೆದುಕೊಂಡ ಹಾಗೆ ಮಾಡಿದೆ.

ಊಟವಾದ ಮೇಲೆ ಬೇಸ್‌ಮೆಂಟಿನಲ್ಲಿ ರಮ್ಮಿ. ನನ್ನ ಹೆಂಡತಿ ಧಾರವಾಡದವಳು, ಇಸ್ಪೀಟಿನಲ್ಲಿ ಯಾರಿಗೂ ಸೋಲುವವಳಲ್ಲ. ಮೇಲೆ ಊಟದ ಮನೆಯಲ್ಲಿ “ನೀವು ತಗೋರಿ, ನಿಮಗ ಹಾಕ್ಲೇನ್ರಿ” ಎಂದು ಅದೇ ಹಿರಿಯರಿಗೆ ಹೋಳಿಗೆ ಬಡಿಸಿದ್ದಳು. ಕೆಳಗೆ ಹದಿನೈದು ನಿಮಿಷವಾಗಿರಲಿಲ್ಲ.

“ಏ, ಎಲಿ ಕೆಳಗ ಇಡೋ! ನೋಡ್ಬ್ಯಾಡ ನನ್ನ ಎಲಿ!” ಎಂದು ಅವರಿಗೇ ಗದರಿದಳು.

“ಹೋಗೇ, ನಂದೇ ಆಟ ಈಗ! ನಂದು!” ಎಂದು ಎಪ್ಪತ್ತರ ಯಜಮಾನರು ಹುಡುಗನ ಹಾಗೆ ಮೇಜು ಗುದ್ದಿದರು.

ಯಾರೂ ತಪ್ಪು ತಿಳಿಯಲಿಲ್ಲ. ನಾನು ಮಾತ್ರ ಎಲೆ ಹಿಡಿದು ಹಾಗೇ ಕೂತೆ. ಇಸ್ಪೀಟಿನ ಮುಂದೆ ಹಿರಿಯರಿಲ್ಲ, ಕಿರಿಯರಿಲ್ಲ. ಅದೂ ಅಲ್ಲದೆ ಅಲ್ಲಿ ಗಳಿಗೆಗೊಮ್ಮೆ ಕೇಳುವ ಪ್ರಶ್ನೆ ಒಂದೇ: ಯಾರ ಸರದಿ? ಯಾರದು ಎಂದರೆ ಮಕ್ಕಳು ಒತ್ತಿ ಹೇಳುತ್ತಾರೆ ಎಂದು ಸಂಪಾದಕಿ ಮೊದಲ ದಿನವೇ ಹೇಳಿದ್ದರು. ಸಂದರ್ಶನ ಸಾಕು, ಆಡೋಣ ಎಂದು ಅಲ್ಲೇ ತೀರ್ಮಾನಿಸಿದೆ.

ದಾರಿಯಲ್ಲಿ ಹೆಂಡತಿಗೆ ಹೇಳಿದೆ. “ಮುಂದಿನ ಶನಿವಾರ ನೀನೂ ಬಾ. ಆದ್ರೆ ಕಾಲು ಮುಟ್ಟಬೇಡ.”

“ನಾ ಯಾಕ ಮುಟ್ಲಿ? ನೀವss ಒಬ್ರು ಸಿಕ್ಕಸಿಕ್ಕವರ ಕಾಲಿಗೆ ಬೀಳವ್ರು,” ಎಂದಳು.

ನಾಲ್ಕನೇ ಶನಿವಾರ ಅಜ್ಜಿಯ ಊಟದ ಮೇಜಿನ ಸುತ್ತ ನಾಲ್ವರು ಕೂತೆವು. ಧ್ವನಿಮುದ್ರಕವನ್ನು ಎಲ್ಲರಿಗೂ ಕಾಣುವಂತೆ ಸಕ್ಕರೆ ಡಬ್ಬಿಯ ಪಕ್ಕ ಇಟ್ಟೆ. ಮೊದಲ ಆಟ ಓಮಾ ಗೆದ್ದಳು, ಓಮಾ ಎಲೆ ಎತ್ತಿದಳು ಎಂದೇ ನಡೆಯಿತು. ಎರಡನೆಯದನ್ನು ನನ್ನ ಹೆಂಡತಿ ಗೆದ್ದಳು. ಮೂರನೆಯದನ್ನೂ ಅವಳೇ ಗೆದ್ದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅಂಗಿಯ ತೋಳು ಮಡಿಸಿದರು. ನಾಲ್ಕನೇ ಆಟ ಬಿಸಿಯೇರಿ, ಯಾರು ಎಲೆ ಎತ್ತಬೇಕೆಂಬುದೇ ಗೊಂದಲವಾಯಿತು.

“ಯಾರ್ದ ಪಾಳಿ ಈಗ? ಹೂಸ್ ಟರ್ನ್?” ಎಂದಳು ನನ್ನ ಹೆಂಡತಿ.

“ಇಕೆ!” ಎಂದು ಅಜ್ಜಿ ಮೇಜು ಕುಟ್ಟಿದರು. ಸಕ್ಕರೆ ಡಬ್ಬಿ ಹಾರಿತು.

“ಅಲ್ಲ, ಇಕೆ!” ಎಂದು ಸಲೂನಿನವನು ಎದೆ ಮುಟ್ಟಿಕೊಂಡ.

ಆಮೇಲೆ ಅದು ನಿಲ್ಲಲೇ ಇಲ್ಲ. ನಾನು ಖುಷಿಗೆ ಜೋಕರನ್ನು ಕೆಳಗೆ ಎಸೆದು ಸೋತೆ. ಹೆಂಡತಿ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಸೋಮವಾರ ಟೇಪು ಕೇಳಿ ಸಂಪಾದಕಿ ನಕ್ಕರು. ಆಮೇಲೆ ಟೇಪಿನ ಜೊತೆ ನಾನೇ ತುಂಬಿಕೊಟ್ಟಿದ್ದ ವಿವರದ ಹಾಳೆಯನ್ನು ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಇವರಿಬ್ಬರ ಪರಿಚಯ ಹೇಗೆ’ ಎಂಬಲ್ಲಿ ನನ್ನದೇ ಕೈಬರಹ: ‘ಆರು ವರ್ಷದಿಂದ ಈತನ ಸಲೂನಿನ ಗಿರಾಕಿ.’

“ಆರು ವರ್ಷ ಅಜ್ಜಿ ಅವನ ಕೈಗೆ ತಲೆ ಕೊಟ್ಟು ಕೂತ್ಕೊಂಡಿದಾರೆ. ಪದ ಇವರಿಂದ ಅವನಿಗೆ ಹೋಯ್ತೋ, ಅವನಿಂದ ಇವರಿಗೆ ಬಂತೋ? ಹೇಗೆ ಹೇಳ್ತೀಯಾ?”

ಅಚ್ಚುಕಟ್ಟಾಗಿ ವಿವರ ತುಂಬಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹಳೆಯ ಬರಹ, ತಾರೀಖು ಇರುವ ಬರಹ ಬೇಕು ಎಂದರು ಸಂಪಾದಕಿ. ಇಲ್ಲದಿದ್ದರೆ ಶುಕ್ರವಾರ ಪದ ಈ ಟೇಪಿನ ಸಾಕ್ಷ್ಯದೊಂದಿಗೆ ಹಳೆಯ ಗುರುತಿನಲ್ಲೇ ಹೋಗುತ್ತದೆ.

ಟೇಪಿಗೆ ಪದ ಬಿದ್ದಾಗಿತ್ತು, ಇನ್ನು ಬಾಯಿ ಕಟ್ಟಿಕೊಳ್ಳುವ ಅಗತ್ಯವಿರಲಿಲ್ಲ. ಬುಧವಾರ ಆಫೀಸು ಬಿಟ್ಟವನೇ ಓಕ್‌ವಿಲ್‌ಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ಯಾವ ಪದಕ್ಕಾಗಿ ಬಂದಿದ್ದೆ, ಅದರ ಮುಂದೆ ನಾವೇನು ಬರೆದಿದ್ದೇವೆ, ಎರಡನ್ನೂ. ಆಗಲೂ ಪದವನ್ನು ನಾನು ಉಚ್ಚರಿಸಲಿಲ್ಲ, ಅದಿದ್ದ ನಿಘಂಟಿನ ಹಾಳೆ ತೋರಿಸಿದೆ. ನಾಲ್ಕು ವಾರದ ಭಯ ಅಷ್ಟು ಬೇಗ ಹೋಗುತ್ತದೆಯೆ?

ಅಜ್ಜಿ ಆ ಹಾಳೆಯನ್ನು ಎರಡು ಸಲ ಓದಿದರು.

“ಸ್ಕೂಲಲ್ಲಿ ಈ ಮಾತಾಡಿದ್ರೆ ಡಚ್ ಮೇಷ್ಟ್ರು ನನ್ನನ್ನ ಗೋಡೆ ಕಡೆ ನಿಲ್ಲಿಸ್ತಿದ್ರು. ಕೆಲಸದವರ ಭಾಷೆ ಬೆರೆಸ್ತೀಯಾ ಅಂತ. ಆಮೇಲೆ ದೇಶ ಸ್ವತಂತ್ರ ಆಯ್ತು, ಆಗ ಡಚ್ಚರ ಬಾಲ ಅಂದ್ರು. ಈಗ ನೀವು ಹಾಸ್ಯ ಅಂತೀರಿ,” ಎಂದರು. ಓಮಾ ಎನ್ನುವುದನ್ನು ಆವತ್ತು ಬಿಟ್ಟಿದ್ದರು. ನನಗೆ ತಲೆಯೆತ್ತಲು ಆಗಲಿಲ್ಲ.

ಅವರು ಎದ್ದುಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಒಳಗೊಂದು ಸಣ್ಣ ಆಲ್ಬಮ್ಮು. ಡಚ್ಚು ಹುಡುಗಿಯರಲ್ಲಿ ಒಂದು ಪದ್ಧತಿಯಂತೆ. ಗೆಳತಿಯರು ಒಬ್ಬರ ಆಲ್ಬಮ್ಮಿನಲ್ಲಿ ಒಬ್ಬರು ಪದ್ಯ ಬರೆಯಬೇಕು, ಪಕ್ಕದಲ್ಲಿ ಹೂವಿನ ಚಿತ್ರ ಅಂಟಿಸಬೇಕು, ಹಾಳೆಯ ಮೂಲೆಯನ್ನು ಮಡಿಸಿ ಆ ಮಡಿಕೆಯ ಒಳಗೆ ತಾರೀಖು ಬರೆಯಬೇಕು. ಪದ್ಯಗಳನ್ನು ಮೇಷ್ಟ್ರು ನೋಡುತ್ತಿದ್ದರು. ಮಡಿಕೆ ಬಿಚ್ಚಿ ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಅಜ್ಜಿ ಒಂದು ಹಾಳೆಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಎರಡನೇ ಮಹಾಯುದ್ಧಕ್ಕೆ ಮುಂಚಿನ ತಾರೀಖು. ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅಡುಗೆಮನೆ ಭಾಷೆಯ ಒಂದು ಸಾಲು. ಅಜ್ಜಿ ಓದಿ, ಆ ಒಂದು ಪದವನ್ನು ಹಾಗೇ ಉಳಿಸಿಕೊಂಡು ಅರ್ಥ ಹೇಳಿದರು. “ಮೇಲಿನ ಪದ್ಯ ಮೇಷ್ಟ್ರು ಕಲಿಸಿದ್ದು. ಇದು ಇಕೆ ಬರೆದದ್ದು.”

“ಈ ಗೆಳತಿ ಈಗ ಎಲ್ಲಿದ್ದಾರೆ?” ಎಂದು ಕೇಳಿದೆ.

“ಯುದ್ಧದಲ್ಲಿ ನಮ್ಮನ್ನೆಲ್ಲ ಕೈದಿಗಳ ಕ್ಯಾಂಪಿಗೆ ಹಾಕಿದ್ರು. ಅವಳು ವಾಪಸ್ ಬರಲಿಲ್ಲ,” ಎಂದು ಮೂಲೆಯನ್ನು ಮತ್ತೆ ಮಡಿಸಿದರು. ಆಲ್ಬಮ್ಮು ಮನೆಯಿಂದ ಆಚೆ ಹೋಗುವುದಿಲ್ಲ ಎಂದೂ ಹೇಳಿದರು.

ಹಾಗಾಗಿ ಗುರುವಾರ ಸಂಪಾದಕಿಯನ್ನೇ ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಸಲೂನಿನವನೂ ಅಂಗಡಿ ಮುಚ್ಚಿ ಬಂದ. ಸಂಪಾದಕಿ ಭೂತಗನ್ನಡಿ ಹಿಡಿದು ಶಾಯಿ ನೋಡಿದರು, ಮೇಲಿನ ಪದ್ಯದ ಅಕ್ಷರವನ್ನೂ ಒಳಗಿನ ಸಾಲಿನ ಅಕ್ಷರವನ್ನೂ ಹೋಲಿಸಿದರು, ಹಾಳೆಯ ಹಿಂದಕ್ಕೆ ಶಾಯಿ ಇಳಿದಿದೆಯೇ ಎಂದು ತಿರುಗಿಸಿದರು. ಕೊನೆಗೆ ಅವರು ಭೂತಗನ್ನಡಿ ಕೆಳಗಿಟ್ಟರು.

“ನನ್ನ ಹತ್ರಾನೂ ಇಂಥದ್ದೊಂದಿತ್ತು,” ಎಂದರು. “ಮೂಲೆ ಮಡಚೋದು ನನಗೆ ಮರೆತೇ ಹೋಗಿತ್ತು.” ಜುಟ್ಟಿಗೆ ಕೈಹಾಕಿ, ಮೊದಲ ಸಲಕ್ಕೇ ಪೆನ್ಸಿಲು ಸಿಕ್ಕಿ, ನನ್ನ ಹಾಳೆಯ ಮೇಲಿನ ಗುರುತನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಅದರ ಮೇಲೆ ‘ಮನೆಮಾತು; ಮುಂದೆ ಸಲೂನಿನಲ್ಲೂ ಹಾಸ್ಯಕ್ಕೂ’ ಎಂದು ಬರೆದರು.

ಸಲೂನಿನವನಿಗೆ ಅವಮಾನವಾಯಿತು. “ನಾವು ಎರಡನೇ ಜಾಗಾನಾ? ನಾವು ಆಡದೆ ಇದ್ದಿದ್ರೆ ಈ ಪದ ಉಳೀತಿತ್ತಾ? ಇವರ ಮಕ್ಕಳನ್ನ ಕೇಳಿ, ಒಬ್ಬರಿಗಾದ್ರೂ ಬರುತ್ತಾ?”

ಅಜ್ಜಿ ಅವನ ಕೈ ಹಿಡಿದುಕೊಂಡರು. “ಅದು ನಿಜ. ನಾವು ನಾಚಿಕೊಂಡು ಬಿಟ್ಟಿದ್ದನ್ನ ನೀವು ನಾಚದೆ ಇಟ್ಕೊಂಡ್ರಿ.” ಅವನು ಮುಖ ತಿರುಗಿಸಿ ನನ್ನ ಕ್ರಾಪಿನ ಬಗ್ಗೆ ಏನೋ ಅಂದ. ಅವನ ಕಣ್ಣು ಒದ್ದೆಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಸಾಕ್ಷ್ಯವನ್ನು ಪರದೆಗೆ ಹಾಕಿದರೆ ಮತ್ತೆ ಕೆಂಪು ಪಟ್ಟಿ. ಟೇಪು ಬಿಟ್ಟರೆ, ಪುಸ್ತಕದ ಹೆಸರು, ಪುಟಸಂಖ್ಯೆ ಇಲ್ಲದ ಯಾವ ಸಾಕ್ಷ್ಯವನ್ನೂ ಒಪ್ಪಬಾರದೆಂದು ನಾನೇ ಬರೆದಿದ್ದೆ. ಮಡಿಸಿದ ಮೂಲೆಗೆ ಅಲ್ಲಿ ಜಾಗವಿರಲಿಲ್ಲ. ಊಟ ಬಿಟ್ಟು ಕೂತು ನನ್ನ ನಿಯಮವನ್ನು ನಾನೇ ಒಡೆದೆ. ಮಧ್ಯಾಹ್ನ ಎರಡಕ್ಕೆ ಪಟ್ಟಿ ಹಸಿರಾಯಿತು. ‘ಖಾಸಗಿ ಆಲ್ಬಮ್, ಬಾಂಡುಂಗ್, ಮಡಿಕೆಯ ಒಳಗೆ’ ಎಂಬ ಸಾಲು ಅಚ್ಚಿಗೆ ಹೋಯಿತು.

ಪುಸ್ತಕ ಬರುವ ಹೊತ್ತಿಗೆ ಹಿಮವೆಲ್ಲ ಕರಗಿ, ಓಕ್‌ವಿಲ್‌ನ ಅಂಗಳಗಳಲ್ಲಿ ಹುಲ್ಲು ಕತ್ತರಿಸುವ ಸದ್ದು ಶುರುವಾಗಿತ್ತು. ಒಂದು ಪ್ರತಿ ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ಜೊತೆ ಹೋದೆ. ಆ ಪುಟದ ಮೇಲಿನ ಮೂಲೆಯನ್ನು ನಾನು ಮಡಿಸಿಟ್ಟಿದ್ದೆ. ಬೆಲ್ ಒತ್ತಿದೆ. ಒಳಗಿನಿಂದ ಚಪ್ಪಲಿಯ ಸಪ್ಪಳ ಹತ್ತಿರ ಬಂತು.

“ಯಾರು?” ಎಂದರು ಅಜ್ಜಿ.

ಹೆಸರು ಹೇಳಲು ಬಾಯಿ ತೆರೆದವನು ತಡೆದೆ. ಈಗ ಟೇಪಿಲ್ಲ, ನಿಯಮದ ಹಾಳೆಯಿಲ್ಲ.

“ಇಕೆ!” ಎಂದೆ.

ಸಪ್ಪಳ ನಿಂತಿತು. ಆಮೇಲೆ ಅಜ್ಜಿ ನಗುವುದು ಕೇಳಿಸಿತು, ಚಿಲಕ ಸರಿಯಿತು. ನನ್ನ ಬೆನ್ನು ರೂಢಿಯಂತೆ ಬಗ್ಗತೊಡಗಿತ್ತು. ಅವರು ಭುಜ ಹಿಡಿದು ನೆಟ್ಟಗೆ ನಿಲ್ಲಿಸಿದರು.

“ಕಾಲು ಬಿಡು,” ಎಂದರು. “ಬಾ, ಎಲೆ ಹಂಚು.”